ಚಕ್ರ ಇಳಿದಿತ್ತು, ದೀಪ ಹತ್ತಲಿಲ್ಲ

ನಿನ್ನೆ ಸಂಜೆ ಕೊಪ್ಪಳದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿಗೆ ಕಾಯುತ್ತ ಕುಳಿತಿದ್ದಾಗ ಟಿವಿಯಲ್ಲಿ ಕರಾಚಿ ವಿಮಾನ ದುರಂತದ ಹಳೆಯ ದೃಶ್ಯ ಬಂತು. ಪಕ್ಕದ ಮೇಜಿನ ಹಿರಿಯರೊಬ್ಬರು "ಪೈಲಟ್‌ಂದ ತಪ್ಪು ಬಿಡ್ರಿ, ಮತ್ತೇನೈತಿ" ಎಂದು ಕೈ ಒರೆಸಿಕೊಂಡು ಎದ್ದುಹೋದರು. ಆ 'ಬಿಡ್ರಿ' ಎಂಬ ಮಾತಿಗೆ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಪೈಲಟ್ ತಪ್ಪು ಮಾಡಿದ ಎಂದೊಡನೆ ವಿಚಾರಣೆ ಮುಗಿಯಿತೆಂದು ಏಕೆ ಭಾವಿಸುತ್ತೇವೆ? 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನ ಅಮೆರಿಕದ ಮಯಾಮಿಯಲ್ಲಿ ಇಳಿಯುವುದರಲ್ಲಿತ್ತು. ಮೂತಿಯ ಚಕ್ರ ಇಳಿದು ಭದ್ರವಾಯಿತೆಂದು ತಿಳಿಸುವ ಹಸಿರು ದೀಪ ಹತ್ತಲಿಲ್ಲ. ವಿಮಾನವನ್ನು 2000 ಅಡಿಗೆ ಏರಿಸಿ, ಆಟೋಪೈಲಟ್‌ಗೆ ಒಪ್ಪಿಸಿ, ಎಲ್ಲರೂ ಆ ದೀಪದ ಬೆನ್ನುಹತ್ತಿದರು. ಒಬ್ಬರು ಚಕ್ರವನ್ನು ಕಣ್ಣಾರೆ ನೋಡಲು ಕೆಳಗಿನ ಕೋಣೆಗೂ ಇಳಿದರು. ಈ ನಡುವೆ ಎತ್ತರ ಕಾಯ್ದುಕೊಳ್ಳುವ ವ್ಯವಸ್ಥೆ ಕಳಚಿ ವಿಮಾನ ಮೆಲ್ಲಗೆ ಇಳಿಯತೊಡಗಿದ್ದನ್ನು ಯಾರೂ ಗಮನಿಸಲಿಲ್ಲ, ಎಚ್ಚರಿಕೆಯ ಸದ್ದಾದರೂ ಅದು ಯಾರ ಕಿವಿಗೂ ಬೀಳಲಿಲ್ಲ. ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬಿದ್ದು 101 ಜನ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು, ಸುಟ್ಟುಹೋಗಿದ್ದು ಬಲ್ಬು.

ನಾನೂ ಕಾರ್ಖಾನೆಯೊಂದರ ಕಂಟ್ರೋಲ್ ರೂಮಿನಲ್ಲಿ ವರ್ಷಗಳನ್ನು ಕಳೆದವನು. ಅಲ್ಲಿನ ಒಂದು ರಾತ್ರಿ ಪಾಳಿಯ ಸಂಗತಿಯನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಪಂಪೊಂದರ ಕೆಂಪು ದೀಪ ಆರದಿದ್ದಾಗ ನಾವು ನಾಲ್ವರೂ ಅದರ ಸುತ್ತ ನೆರೆದಿದ್ದೆವು. ಬಾಯ್ಲರ್ ಡ್ರಮ್ಮಿನ ನೀರು ಇಳಿಯುತ್ತಿದ್ದುದನ್ನು ಕಂಡವನು ಹೊಸದಾಗಿ ಸೇರಿದ್ದ ಟ್ರೈನಿ ಹುಡುಗ. "ಸರ್, ಲೆವೆಲ್ ನೋಡ್ರಿ" ಎಂದು ಅವನು ಎರಡನೆಯ ಸಲ ಹೇಳಿದಾಗ ನಾನು ಗದರಿದೆ. ಮೂರನೆಯ ಸಲ ಅವನು ಕೂಗಿದ. ಅದಕ್ಕೇ ನಾವೆಲ್ಲ ಬೆಳಗಿನ ಜಾವ ಜೀವಂತವಾಗಿ ಮನೆ ಸೇರಿದೆವು.

1978ರ ಡಿಸೆಂಬರ್ 28ರಂದು ಪೋರ್ಟ್‌ಲೆಂಡ್‌ನ ಆಕಾಶದಲ್ಲಿ ಅಂಥ ಕೂಗು ಏಳಲಿಲ್ಲ. ಚಕ್ರದ ಚಿಂತೆಯಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ 173ನೇ ವಿಮಾನ ಸುಮಾರು ಒಂದು ಗಂಟೆ ಸುತ್ತುಹಾಕಿತು, ಇಂಧನ ಕಡಿಮೆಯಾಗುತ್ತಿರುವುದನ್ನು ಫ್ಲೈಟ್ ಎಂಜಿನಿಯರ್ ಹೇಳಿದ್ದು ಕ್ಯಾಪ್ಟನ್‌ನ ಮನಸ್ಸಿಗೆ ನಾಟಲಿಲ್ಲ, ಕೊನೆಗೆ ಟ್ಯಾಂಕ್ ಬರಿದಾಗಿ ವಿಮಾನ ಬಿದ್ದು 10 ಜನ ಸತ್ತರು. ತನಿಖೆಗಾರರೂ 'ಬಿಡ್ರಿ' ಎಂದಿದ್ದರೆ, ಕಿರಿಯರು ಬಾಯಿಬಿಟ್ಟು ಹೇಳುವುದನ್ನೂ ಹಿರಿಯರು ಕಿವಿಗೊಡುವುದನ್ನೂ ಕಲಿಸುವ ತರಬೇತಿ 1981ರಲ್ಲಿ ಆ ವಿಮಾನ ಸಂಸ್ಥೆಯಲ್ಲಿ ಶುರುವಾಗುತ್ತಿರಲಿಲ್ಲ.

ಕರಾಚಿಯಲ್ಲಿ ಪೈಲಟ್‌ಗಳು ಕೊರೊನಾದ ಮಾತಿನಲ್ಲಿ ಮುಳುಗಿದ್ದರಲ್ಲ, ಇಳಿಸಿದ ಚಕ್ರವನ್ನು ಮತ್ತೆ ಮೇಲಕ್ಕೆಳೆದುಕೊಂಡರಲ್ಲ ಎಂದು ನೀವು ಕೇಳಬಹುದು. ನಿಜ, ಅದು ಘೋರ ತಪ್ಪು. ಆದರೆ ಎಂಜಿನ್‌ಗಳು ರನ್‌ವೇಗೆ ಉಜ್ಜಿದ್ದನ್ನು ಕಂಡ ಕಂಟ್ರೋಲ್ ಟವರಿನಿಂದಲೂ ಆ ಸುದ್ದಿ ಪೈಲಟ್‌ಗಳಿಗೆ ಮುಟ್ಟಲಿಲ್ಲ. ಮತ್ತೆ ಮೇಲೇರಿದ ವಿಮಾನದ ಎರಡೂ ಎಂಜಿನ್ ನಿಂತು, ಒಳಗಿದ್ದ 99 ಜನರಲ್ಲಿ 97 ಜನ ಹೋದರು. ಇದನ್ನೂ ಬಿಡಬೇಕೇ?

ಅದು 2020ರ ಮೇ 22. ಅದಕ್ಕೆ ಸರಿಯಾಗಿ ಹತ್ತು ವರ್ಷ ಹಿಂದೆ, ಅದೇ ಮೇ 22ರಂದು, ನಮ್ಮ ಮಂಗಳೂರಿನಲ್ಲಿ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಕ್ಯಾಪ್ಟನ್‌ಗೆ ಮೂರು ಸಲ ಹೇಳಿದ್ದರು. 158 ಜನ ಸತ್ತರು. ನಮ್ಮ ಹುಡುಗನೂ ಹೇಳಿದ್ದು ಮೂರೇ ಸಲ.