"ಇಲ್ಲಿ ಯಾವ ದೃಶ್ಯ ತೆಗೆದರು?" ಎಂದು ಕೇಳಿದವನ ನೆಪದಲ್ಲಿ

ದಕ್ಷಿಣ ಟುನೀಶಿಯಾದ ಮತ್ಮಾತಾ ಎಂಬ ಊರಿನಿಂದ ಈಗಷ್ಟೇ ಗಾಬೆಸ್‌ಗೆ ವಾಪಸಾಗಿದ್ದೇನೆ. ಕೋಪ ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ನಮ್ಮ ಜೀಪಿನಲ್ಲಿದ್ದ ಒಬ್ಬ ಪ್ರವಾಸಿ ಇವತ್ತು ಬೆಳಿಗ್ಗೆ ಒಬ್ಬ ಹೆಂಗಸಿನ ಮನೆಯ ಅಂಗಳದಲ್ಲಿ ನಿಂತು, ಆಕೆಯ ಎದುರಿಗೇ, "ಸ್ಟಾರ್ ವಾರ್ಸ್‌ನ ಯಾವ ದೃಶ್ಯವನ್ನು ಇಲ್ಲಿ ತೆಗೆದರು?" ಎಂದು ಚಾಲಕನನ್ನು ಕೇಳಿದ. ಇಲ್ಲಿ ಏನನ್ನೂ ತೆಗೆದಿಲ್ಲ, ಇದು ಇವರು ಬದುಕುತ್ತಿರುವ ಮನೆ ಎಂದು ಚಾಲಕ ಹೇಳಿದ. ಆತ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಹೊರಟ. ಅವನ ಹಿಂದೆ ಉಳಿದವರೂ ಹೊರಟರು. ಆ ತಾಯಿ ಆಗಷ್ಟೇ ಒಂದು ಹಿಡಿ ಬಾರ್ಲಿಯನ್ನು ಬೀಸುಕಲ್ಲಿನ ಬಾಯಿಗೆ ಸುರಿದು, ಬೀಸಿ ತೋರಿಸಲೆಂದು ಗೂಟ ಹಿಡಿದಿದ್ದರು. ಕೈ ಗೂಟದ ಮೇಲೆ ಹಾಗೆಯೇ ನಿಂತಿತು.

ನಾನು ಎದುರಿಗೆ ಕುಳಿತೆ. ಅವರು ಬೀಸಿದರು. ಕಲ್ಲಿನ ಅಂಚಿನಿಂದ ಬೂದು ಮಿಶ್ರಿತ ಬಿಳಿ ಹಿಟ್ಟು ಉದುರಿತು. ಆಮೇಲೆ ರೊಟ್ಟಿ, ಆಲಿವ್ ಎಣ್ಣೆ, ಜೇನು, ಚಹಾ ಬಂದವು. ಹೊರಗೆ ಜೀಪಿನ ಹಾರ್ನ್ ಬಡಿದುಕೊಳ್ಳುತ್ತಲೇ ಇತ್ತು. ಬಡಿದುಕೊಳ್ಳಲಿ ಎಂದು ಬಿಟ್ಟೆ.

ನಾನು ಈ ದೇಶಕ್ಕೆ ಏಕೆ ಬಂದೆ ಎಂದು ನಿಮಗೆ ವಿವರಿಸಬೇಕಾಗಿಲ್ಲ. ಮಣ್ಣಿನ ಗೋಡೆಯ ಕೆಲಸವೇ ನನಗೆ ಅನ್ನ ಹಾಕುತ್ತಿರುವುದು, ಅದು ನಿಮಗೆ ಗೊತ್ತು. ನನಗಿರುವ ಸ್ಟಾರ್ ವಾರ್ಸ್ ಸಿನಿಮಾಗಳ ಹುಚ್ಚೂ ಗೊತ್ತು. ಹಾಗಾಗಿ ಸಿನಿಮಾ ಎಂದರೆ ಮೂಗು ಮುರಿಯುವವಳ ಮಾತು ಇದು ಎಂದು ದಯವಿಟ್ಟು ತಿಳಿಯಬೇಡಿ. ಉಪ್ಪಿನ ಬಯಲಾದ ಶೊತ್ ಎಲ್ ಜೆರೀದ್‌ನ ಅಂಚಿನಲ್ಲಿ ಒಂಟಿಯಾಗಿ ನಿಂತಿರುವ ಆ ಬಿಳಿ ಗುಮ್ಮಟವನ್ನು, ಸಿನಿಮಾದ ನಾಯಕ ಲ್ಯೂಕ್ ಬೆಳೆದ ಮನೆಯ ಹೊರರೂಪವನ್ನು, ಕಂಡಾಗ ನನ್ನ ಗಂಟಲೂ ಕಟ್ಟಿತು. 1976ರಲ್ಲಿ ಮೊದಲ ಚಿತ್ರದ ತಂಡ ಬಂದು ಚಿತ್ರೀಕರಣ ನಡೆಸಿದ ಜಾಗ ಅದು. ನಾನು ಕೇಳುತ್ತಿರುವುದು ಇಷ್ಟೇ: ಸೆಟ್ಟಿಗೆ ಕೊಡುವ ಗೌರವವನ್ನು ಆ ಸೆಟ್ಟಿಗೆ ರೂಪ ಕೊಟ್ಟ ಮನೆಗಳಿಗೆ ಏಕೆ ಕೊಡುವುದಿಲ್ಲ?

ಮತ್ಮಾತಾದ ಮನೆ ಎಂದರೆ ಏನು ಎಂದು ಸ್ವಲ್ಪ ಹೇಳುತ್ತೇನೆ. ಅಲ್ಲಿನ ಅಮಾಜಿಘ್ (ಬರ್ಬರ್) ಜನ ಗೋಡೆ ಎಬ್ಬಿಸುವುದಿಲ್ಲ, ಗುಡ್ಡವನ್ನೇ ಕೊರೆಯುತ್ತಾರೆ. ಮೊದಲು ಎರಡು ಆಳಿಗೂ ಮಿಕ್ಕ ಆಳದ ದುಂಡನೆಯ ಗುಂಡಿ. ಅದೇ ಅಂಗಳ, ಮೇಲೆ ಬರಿಯ ಆಕಾಶ. ಗುಂಡಿಯ ಗೋಡೆಗಳೊಳಕ್ಕೆ ಅಡ್ಡಡ್ಡಲಾಗಿ ಕೊರೆದ ಕೋಣೆಗಳು. ಗುಡ್ಡದ ಇಳಿಜಾರಿನಿಂದ ಒಂದು ಸುರಂಗ ಅಂಗಳಕ್ಕೆ ಬಂದು ಸೇರುತ್ತದೆ. ಆ ಮಣ್ಣು ಎಷ್ಟು ಮೆತ್ತಗೆಂದರೆ ಕೈಹಾರೆಗೆ ಬಗ್ಗುತ್ತದೆ, ಎಷ್ಟು ಗಟ್ಟಿಯೆಂದರೆ ತಲೆಮಾರುಗಳ ಕಾಲ ಕಮಾನು ಹೊತ್ತು ನಿಲ್ಲುತ್ತದೆ. ಹೊರಗೆ ಬಿಸಿಲು ಚರ್ಮ ಸುಲಿಯುತ್ತಿದ್ದರೆ ಒಳಗೆ ತಂಪು. ಚಳಿಗಾಲದ ರಾತ್ರಿ ಒಳಗೆ ಬೆಚ್ಚಗೆ. ಕೋಣೆಯ ಗೋಡೆಗೆ ಅಂಗೈ ಒತ್ತಿ ಹಿಡಿದೆ. ಸುಣ್ಣ ಬಳಿದು ಬಳಿದು ನುಣುಪಾದ ಮೈ, ಅದರ ಕೆಳಗೆ ಗುದ್ದಲಿಯ ಏಟುಗಳ ಸಾಲು ಬೆರಳಿಗೆ ಸಿಗುತ್ತದೆ.

ಮೇಲಂತಸ್ತಿನಲ್ಲಿ ಧಾನ್ಯದ ಕೋಣೆ. ಅದರ ಚಾವಣಿಯಲ್ಲಿ ಒಂದು ತೂತು, ಅದು ಗುಡ್ಡದ ನೆಲಕ್ಕೆ ತೆರೆದುಕೊಳ್ಳುತ್ತದೆ. ಸುಗ್ಗಿಯಲ್ಲಿ ಕತ್ತೆಯ ಮೇಲೆ ಹೇರಿ ತಂದ ಬಾರ್ಲಿಯನ್ನು ಮೇಲಿನಿಂದಲೇ ಸುರಿದರೆ ಸೀದಾ ಕಣಜಕ್ಕೆ ಬೀಳುತ್ತದೆ. ಇದನ್ನು ಕಂಡಾಗ ನನಗೆ ಬೇರೆ ಏನು ನೆನಪಾಗಬೇಕು? ವಿಜಯಪುರದ ಕಡೆಯ ನಮ್ಮ ಅಜ್ಜಿಯ ಮನೆಯ ಹಗೇವು. ನೆಲದಲ್ಲಿ ಕತ್ತಿನಂಥ ಬಾಯಿ, ಒಳಗೆ ಹೊಟ್ಟೆ, ಸುತ್ತ ಕಣಿಕೆಯ ಹೊದಿಕೆ, ವರ್ಷಗಟ್ಟಲೆ ಕೆಡದ ಜೋಳ. ಆ ಹಗೇವನ್ನು ಮುಚ್ಚಿ ಮೇಲೆ ಕಾಂಕ್ರೀಟ್ ಹಾಕಿದ ದಿನ ನಾನು ಊಟ ಬಿಟ್ಟು ಅತ್ತಿದ್ದೆ. ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಅವತ್ತೂ ಮನೆಯವರು, ಇದರಿಂದ ಈಗೇನು ಉಪಯೋಗ ಎಂದೇ ಕೇಳಿದ್ದರು.

ಇನ್ನು ಮರುಭೂಮಿಯ ಆ ಇನ್ನೊಂದು ತುದಿಯ ಕಥೆ ಕೇಳಿ. ನೆಫ್ತಾದ ಹತ್ತಿರ, ಓಂಗ್ ಜೆಮೆಲ್ ಎಂಬ ಬಂಡೆಯ ಆಚೆ, ಮೋಸ್ ಎಸ್ಪಾ ಇದೆ. 1999ರಲ್ಲಿ ತೆರೆಗೆ ಬಂದ ಸ್ಟಾರ್ ವಾರ್ಸ್ ಚಿತ್ರಕ್ಕಾಗಿ 1997ರಲ್ಲಿ ಕಟ್ಟಿದ ಸೆಟ್ ಊರು. ಮೊನ್ನೆ ಅಲ್ಲಿದ್ದೆ. ಗೋಡೆ ತಟ್ಟಿದರೆ ಟೊಳ್ಳು ಸದ್ದು. ಗಾರೆ ಕಿತ್ತುಹೋದ ಕಡೆ ತಂತಿಯ ಬಲೆ, ಅದರ ಹಿಂದೆ ಮರದ ಪಟ್ಟಿ. ಕೆಲವು ವಾರಗಳ ಚಿತ್ರೀಕರಣ ಮುಗಿಯುವವರೆಗೆ ನಿಂತರೆ ಸಾಕು ಎಂದು ಕಟ್ಟಿದ್ದು, ಅದರಲ್ಲಿ ತಪ್ಪೇನೂ ಇಲ್ಲ. ಸೆಟ್ ಇರಬೇಕಾದದ್ದೇ ಹಾಗೆ.

ಅಲ್ಲಿ ಅರ್ಧಚಂದ್ರಾಕಾರದ ಮರಳದಿಬ್ಬಗಳು ಗಾಳಿಗೆ ನಡೆಯುತ್ತವೆ. ಒಂದು ದೊಡ್ಡ ದಿಬ್ಬ ವರ್ಷಕ್ಕೆ ಸುಮಾರು 15 ಮೀಟರ್ ವೇಗದಲ್ಲಿ ಸೆಟ್ಟಿನ ಮೇಲೆ ಬರುತ್ತಿದೆ ಎಂದು 2013ರಲ್ಲಿ ರಾಲ್ಫ್ ಲೊರೆನ್ಜ್ ಮತ್ತು ಸಂಗಡಿಗ ವಿಜ್ಞಾನಿಗಳು ಉಪಗ್ರಹ ಚಿತ್ರಗಳನ್ನು ಅಳೆದು ತೋರಿಸಿದರು. ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಅಭಿಮಾನಿಗಳು ಚಂದಾ ಎತ್ತಿದರು, ಯಂತ್ರಗಳು ಬಂದವು, 2014ರಲ್ಲಿ ಮರಳು ತೆಗೆಸಿದರು. ಅದಕ್ಕೂ ಮೊದಲು, 2012ರಲ್ಲಿ, ಆ ಬಿಳಿ ಗುಮ್ಮಟವನ್ನು ಅಭಿಮಾನಿಗಳೇ ಹಣ ಹೊಂದಿಸಿ, ಬಂದು, ಕೈಯಾರೆ ದುರಸ್ತಿ ಮಾಡಿ ಹೋಗಿದ್ದರು. ಅವರ ಪ್ರೀತಿಗೆ ನಾನು ತಲೆಬಾಗುತ್ತೇನೆ. ಆದರೆ ತಂತಿಬಲೆಯ ಗೋಡೆಗಾಗಿ ಸಮುದ್ರ ದಾಟಿ ಬರುವ ಅಷ್ಟು ಪ್ರೀತಿಯಲ್ಲಿ ಒಂದು ಪಾಲಾದರೂ ದಕ್ಷಿಣದ ಕ್ಸಾರ್‌ಗಳ ಕಡೆ ಹರಿಯಬಾರದೇ?

ಕ್ಸಾರ್ ಎಂದರೆ ಕೋಟೆಯಂಥ ಸಾಮೂಹಿಕ ಕಣಜ. ಮಂದೆ ಹೊಡೆದುಕೊಂಡು ಮೇವು ಅರಸಿ ಹೋಗುವ ಕುಲಗಳು ಬಾರ್ಲಿ, ಆಲಿವ್ ಎಣ್ಣೆ, ಒಣ ಅಂಜೂರವನ್ನು ಇಲ್ಲಿ ಬೀಗ ಹಾಕಿ ಇಟ್ಟು ಹೋಗುತ್ತಿದ್ದವು. ಕುಟುಂಬಕ್ಕೊಂದು ಕೋಣೆ, ಅದರ ಹೆಸರು ಘೋರ್ಫಾ. ಕಮಾನು ಚಾವಣಿಯ ಉದ್ದನೆಯ ಕೋಣೆಗಳು ಒಂದರ ಮೇಲೊಂದು, ಕ್ಸಾರ್ ಊಲೆದ್ ಸುಲ್ತಾನ್‌ನಲ್ಲಿ ನಾಲ್ಕು ಅಂತಸ್ತಿನವರೆಗೆ. ಮೇಲಿನ ಕೋಣೆಗೆ ಹೋಗಲು ಗೋಡೆಗೆ ಅಂಟಿಕೊಂಡ, ಕೈಹಿಡಿ ಇಲ್ಲದ ಕಡಿದಾದ ಮೆಟ್ಟಿಲು. ಒಂದು ಘೋರ್ಫಾದೊಳಗೆ ಮಲಗಿ ಚಾವಣಿ ನೋಡಿದೆ. ಹಸಿ ಗಾರೆಯಲ್ಲಿ ಯಾರೋ ಒತ್ತಿದ ಐದು ಬೆರಳುಗಳು ಹಾಗೆಯೇ ಇವೆ. ಕಿರುಬೆರಳು ಸ್ವಲ್ಪ ಡೊಂಕು.

ಇಂಥ ಒಂದು ಕ್ಸಾರ್‌ನಲ್ಲೇ, ಕ್ಸಾರ್ ಹದ್ದಾದಾದಲ್ಲಿ, ಆ 1999ರ ಚಿತ್ರದ ಹುಡುಗ ಅನಾಕಿನ್ ತಾಯಿಯೊಂದಿಗೆ ಬದುಕುವ ಗುಲಾಮರ ಕೇರಿಯ ದೃಶ್ಯಗಳನ್ನು ತೆಗೆದದ್ದು. ಸಿನಿಮಾದಲ್ಲಿ ಲ್ಯೂಕ್, ಅನಾಕಿನ್ ಇಬ್ಬರೂ ಬೆಳೆದ ಟಾಟೂಯಿನ್ ಗ್ರಹಕ್ಕೆ ಹೆಸರು ಕೊಟ್ಟ ತತಾವೀನ್ ಪಟ್ಟಣ ಅಲ್ಲಿಂದ ದೂರವೇನಲ್ಲ. ಅಷ್ಟು ಖ್ಯಾತಿ ಇದ್ದೂ ಅಲ್ಲಿ ಹಲವು ಕಮಾನುಗಳು ಬಿದ್ದಿವೆ, ಮಳೆ ಬಂದಂತೆಲ್ಲ ಇನ್ನಷ್ಟು ಬೀಳುತ್ತವೆ. ಮೆದೆನೀನ್‌ನಲ್ಲಿ ಒಂದು ಕಾಲಕ್ಕೆ ಸಾವಿರಾರು ಘೋರ್ಫಾಗಳಿದ್ದವು. ಬಹುಪಾಲನ್ನು ಕೆಡವಿಯೇಬಿಟ್ಟರು.

ನಿನ್ನೆ ಫೋಟೋಗಳನ್ನು ಹಾಕಿದಾಗ ನಿಮ್ಮಲ್ಲೊಬ್ಬರು ಬರೆದಿರಿ: "ಅಕ್ಕಾ, ಆ ಸಿನಿಮಾ ಇಲ್ಲದಿದ್ದರೆ ಆ ಊರಿಗೆ ಯಾರು ಹೋಗುತ್ತಿದ್ದರು? ಜನರಿಗೆ ನಾಲ್ಕು ಕಾಸು ಸಿಗುತ್ತಿರುವುದೇ ಅದರಿಂದ." ಈ ಮಾತನ್ನು ಇಲ್ಲಿಯೂ ಕೇಳಿದ್ದೇನೆ. ಅರ್ಧ ನಿಜ. 2015ರಲ್ಲಿ ಬಾರ್ದೋ ಮತ್ತು ಸೂಸ್‌ನಲ್ಲಿ ನಡೆದ ಭಯೋತ್ಪಾದಕ ದಾಳಿಗಳ ನಂತರ ಪ್ರವಾಸಿಗಳು ಬರುವುದೇ ನಿಂತು ಈ ಜನ ಪಟ್ಟ ಪಾಡನ್ನು ನಮ್ಮ ಚಾಲಕ ದಾರಿಯುದ್ದಕ್ಕೂ ಹೇಳಿದ. ಮತ್ಮಾತಾದ ಸೀದಿ ಡ್ರಿಸ್ ಹೋಟೆಲಿನ ಅಂಗಳದಲ್ಲಿ, ಲ್ಯೂಕ್ ಊಟಕ್ಕೆ ಕೂರುವ ಆ ಬಣ್ಣದ ಚಾವಣಿಯ ಕೋಣೆಯ ಮುಂದೆ, ಜನ ಸಾಲುಗಟ್ಟಿ ನಿಂತಿದ್ದನ್ನು ಕಣ್ಣಾರೆ ಕಂಡೆ. ಅದೂ ಮೂಲತಃ ಇದೇ ಜನ ಅಗೆದ ಗುಂಡಿಮನೆ. ನಿಲ್ಲಲಿ, ಸಂತೋಷ. ಆದರೆ ಆ ಸಾಲಿನಿಂದ ಬೀಸುಕಲ್ಲಿನ ಮನೆಗೆ ಕೂಗಳತೆಯ ದೂರ. ಅಷ್ಟು ದೂರ ನಡೆಯದವರಿಂದ ಆ ತಾಯಿಗೆ ಯಾವ ಕಾಸು ಸಿಕ್ಕಿತು? ಜೀಪಿನವರು ಇಲ್ಲಿಗೆ ಕೊಡುವುದೇ ಅರ್ಧ ಗಂಟೆ, ಅದರಲ್ಲಿ ಇಪ್ಪತ್ತು ನಿಮಿಷ ಹೋಟೆಲಿಗೆ. ಸಿನಿಮಾ ಜನರನ್ನು ಬಾಗಿಲವರೆಗೆ ತಂದಿತು ಎಂಬುದನ್ನು ಒಪ್ಪುತ್ತೇನೆ. ಒಳಗೆ ಕಾಲಿಟ್ಟ ಮೇಲೆ ಕಣ್ಣು ತೆರೆಯುವುದು ನೋಡುವವನ ಕೆಲಸ.

"ಅವರೇ ಬಿಟ್ಟು ಹೋಗುತ್ತಿದ್ದಾರಲ್ಲ" ಎನ್ನುವವರೂ ಇದ್ದಾರೆ. ಹೌದು, ಹೋಗಿದ್ದಾರೆ. 1960ರ ದಶಕದಲ್ಲಿ ಬಿಡದೆ ಸುರಿದ ಮಳೆಗೆ ಮನೆಗಳು ಕುಸಿದು, ಕೆಳಗೆ ಬಯಲಿನಲ್ಲಿ ಹೊಸ ಮತ್ಮಾತಾ ಎದ್ದಿತು. ಮಕ್ಕಳ ಶಾಲೆ, ಆಸ್ಪತ್ರೆ, ನಲ್ಲಿ ನೀರು ಎಲ್ಲಿದೆಯೋ ಅಲ್ಲಿಗೆ ಜನ ಹೋಗುತ್ತಾರೆ. ಅದನ್ನು ಆಕ್ಷೇಪಿಸಲು ನಾನು ಯಾರು? ಆದರೆ ಉಳಿದಿರುವವರು ಉಳಿದಿರುವುದು ಛಲದಿಂದ. ಮನೆಗಳ ಹೊರಗಿನ ಕಣಿವೆಗಳನ್ನು ನೋಡಿ ಬನ್ನಿ. ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆಯಷ್ಟೇ ಆಗುವ ಗುಡ್ಡಗಳಲ್ಲಿ ಆಲಿವ್ ಮತ್ತು ಅಂಜೂರದ ಮರಗಳು ಹಸಿರಾಗಿವೆ. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಕಟ್ಟಿ, ಕೊಚ್ಚಿ ಬಂದ ಮಣ್ಣನ್ನೂ ನೀರನ್ನೂ ಅದರ ಹಿಂದೆ ಹಿಡಿದು, ಆ ತುಂಡು ನೆಲದಲ್ಲಿ ಮರ ನೆಡುತ್ತಾರೆ. ಜೆಸ್ಸೂರ್ ಎನ್ನುತ್ತಾರೆ. ಒಡ್ಡಿನ ಬದಿಯಲ್ಲಿ ಹೆಚ್ಚಿನ ನೀರು ಇಳಿದು ಕೆಳಗಿನ ಒಡ್ಡಿಗೆ ಹೋಗಲು ಕಲ್ಲಿನ ಕೋಡಿ. ಮೇಲಿನವನು ಕೋಡಿಯನ್ನು ಎತ್ತರಿಸಿದರೆ ಕೆಳಗಿನವನ ಮರ ಒಣಗುತ್ತದೆ, ಆದ್ದರಿಂದ ಎತ್ತರಿಸುವುದಿಲ್ಲ. ಪರದೆಯ ಮೇಲೆ ಲ್ಯೂಕ್‌ನ ಚಿಕ್ಕಪ್ಪ ಗಾಳಿಯಿಂದ ತೇವ ಹಿಂಡುವ ಬೇಸಾಯ ಮಾಡಿದ್ದನ್ನು ಬೆರಗಾಗಿ ನೋಡಿದವರು ನಾವು. ಅದೇ ನೆಲದಲ್ಲಿ ನಿಜವಾಗಿ ಹನಿ ನೀರು ಹಿಡಿದು ಬದುಕುವವರ ಮುಂದೆಯೇ ಜೀಪಿನ ಕಿಟಕಿ ಏರಿಸಿಕೊಂಡು ಹೋಗುತ್ತೇವೆ. ಇದು ನನಗೆ ಸಹಿಸಲಾಗುವುದಿಲ್ಲ.

ಡಿಸೆಂಬರಿನಲ್ಲಿ ಇಲ್ಲಿಗೆ ಬರುತ್ತೇವೆ ಎಂದ ಗೆಳತಿಯರೇ, ನಿಮಗಾಗಿ ಎರಡು ಮಾತು. ಬೆಳಿಗ್ಗೆ ತೋಜೂರ್, ಮಧ್ಯಾಹ್ನ ಮತ್ಮಾತಾ, ಸಂಜೆ ಕಡಲ ದಂಡೆ ಎಂದು ಬರೆದಿರುವ ಪ್ರವಾಸವನ್ನು ತೆಗೆದುಕೊಳ್ಳಬೇಡಿ. ಸೆಟ್ ನೋಡಿ, ಮನಸಾರೆ ನೋಡಿ, ಮರುದಿನ ಶೆನೀನಿ, ದುಯಿರೆತ್ ಎಂಬ ಗುಡ್ಡದ ಹಳ್ಳಿಗಳ ಕಡೆ ಸ್ಥಳೀಯರನ್ನು ಜೊತೆಗೆ ಕರೆದುಕೊಂಡು ನಡೆಯಿರಿ. ರಾತ್ರಿ ಗುಡ್ಡದೊಳಗಿನ ಕೋಣೆಯಲ್ಲೇ ಉಳಿಯಿರಿ. ಮನೆ ತೋರಿಸಿದವರ ಕೈಗೆ ದುಡ್ಡು ಕೊಡಿ, ಕೇಳದಿದ್ದರೂ ಕೊಡಿ. ಎಣ್ಣೆಯನ್ನು ಅವರಿಂದಲೇ ಕೊಳ್ಳಿ. ಮತ್ಮಾತಾದಲ್ಲಿ ಆ ಮನೆ ಯಾವುದೆಂದು ನನ್ನನ್ನು ಕೇಳಿದರೆ ದಾರಿ ಹೇಳುತ್ತೇನೆ, ಆದರೆ ಒಂದು ಷರತ್ತು: ರೊಟ್ಟಿ ತಿಂದು ಮುಗಿಯುವವರೆಗೆ ಯಾರೂ ಏಳಬಾರದು, ಜೀಪಿನವನು ಎಷ್ಟು ಹಾರ್ನ್ ಹೊಡೆದರೂ.