ಹುಳು ಹೊಟ್ಟೆ ಕೊರೆದು ಹೊರಬರುತ್ತದೆಯೇ?

ಊಸರವಳ್ಳಿ ಮರಿಗೆ ಮೀಲ್‌ವರ್ಮ್ (ಸಾಕುಪ್ರಾಣಿಗಳಿಗೆ ಆಹಾರವಾಗಿ ಕೊಡುವ ಒಂದು ಬಗೆಯ ದುಂಬಿಯ ಮರಿಹುಳು) ತಿನ್ನಿಸಿದರೆ ಹುಳು ಅದರ ಹೊಟ್ಟೆ ಕೊರೆದು ಹೊರಬರುತ್ತದೆ ಎಂಬ ಸಂದೇಶ ಸಾಕುವವರ ಮೊಬೈಲುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದು ನಿಜವಲ್ಲ. ಊಸರವಳ್ಳಿ ಬೇಟೆಯನ್ನು ದವಡೆಯಲ್ಲಿ ಜಜ್ಜಿಯೇ ನುಂಗುತ್ತದೆ. ಹುಳು ಜೀವಂತ ಒಳಹೋದರೂ ಜಠರದ ಆಮ್ಲದಲ್ಲಿ, ಗಾಳಿಯಿಲ್ಲದೆ ಬೇಗನೆ ಸಾಯುತ್ತದೆ. ಸತ್ತ ಮರಿಯ ಮೈಮೇಲೆ ಹುಳು ಕಂಡರೆ, ಗೂಡಿನಲ್ಲಿ ಉಳಿದಿದ್ದವು ಹೊರಗಿನಿಂದ ಮುತ್ತಿರುವ ಸಂಭವವೇ ಹೆಚ್ಚು.

ಹಾಗೆಂದು ಹಂಚಿದವರ ಕಾಳಜಿ ಪೂರ್ತಿ ಹುಸಿಯಲ್ಲ. ಈಗಷ್ಟೇ ಮೊಟ್ಟೆಯೊಡೆದು ಬಂದ ಮರಿಗೆ ಬೆಳೆದ ಮೀಲ್‌ವರ್ಮ್ ತೀರಾ ದೊಡ್ಡದು, ಅದರ ಕವಚವೂ ಗಡುಸು. ಹಾರಲಾರದ ಹಣ್ಣಿನ ನೊಣ, ಗುಂಡುಸೂಜಿಯ ತಲೆಯಷ್ಟಿರುವ ಚಿಮ್ಮಂಡೆ ಮರಿ ಸರಿಹೊಂದುತ್ತವೆ. ಕೀಟದ ಗಾತ್ರ ಮರಿಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರದಿರಲಿ, ಮೇಲೆ ತುಸು ಕ್ಯಾಲ್ಸಿಯಂ ಪುಡಿಯಿರಲಿ. ತಿನ್ನದೆ ಉಳಿದ ಚಿಮ್ಮಂಡೆಗಳನ್ನು ಸಂಜೆಯೇ ತೆಗೆಯಿರಿ. ಮಲಗಿದ ಮರಿಯನ್ನು ಅವು ಕಚ್ಚುವುದುಂಟು.

ಸಂದೇಶ ಮತ್ತೆ ಬಂದರೆ ಕೇಳಿ: ಯಾವ ಜಾತಿ, ಎಷ್ಟು ವಯಸ್ಸು, ಪಶುವೈದ್ಯರು ಶವಪರೀಕ್ಷೆ ಮಾಡಿದ್ದಾರೆಯೇ? ಚಿತ್ರವಿದ್ದರೆ ಅಂತರ್ಜಾಲದಲ್ಲಿ ಅದರ ಮೂಲ ಹುಡುಕಿ. ಇನ್ನೂ ಸುಲಭದ ದಾರಿಯೆಂದರೆ, ಊಸರವಳ್ಳಿ ತಿನ್ನುವಾಗ ಹತ್ತಿರದಿಂದ ನೋಡುವುದು. ಅದು ಜಗಿಯುವುದು ಕಣ್ಣಿಗೇ ಕಾಣುತ್ತದೆ.