ಕಣಿವೆಗೆ ಸಿಕ್ಕ ಮರ್ಯಾದೆ ಮನೆಗಳಿಗೆ ಸಿಗಲಿಲ್ಲ

ನಿನ್ನೆ ಇಡೀ ದಿನ ಅಮೆರಿಕದ ಕೊಲೊರಾಡೋ ರಾಜ್ಯದ ಐ-70 ಹೆದ್ದಾರಿಯಲ್ಲಿ ಕಾರು ಓಡಿಸಿದ್ದೇನೆ. ಬೆನ್ನು ಸೆಟೆದುಕೊಂಡಿದೆ, ಆದರೂ ಒಂದು ಮಾತು ತಲೆಯಿಂದ ಇಳೀತಿಲ್ಲ. ಬರೆದೇ ಮಲಗುತ್ತೇನೆ.

ಸಕಲೇಶಪುರದಿಂದ ಮಾವ, ಅತ್ತೆ ಬಂದಿದ್ದಾರೆ, ಅವರನ್ನು ಪಾಲಿಸೇಡ್‌ನ ಪೀಚ್ ತೋಟಗಳಿಗೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಗ್ಲೆನ್‌ವುಡ್ ಕಣಿವೆ ಶುರುವಾದದ್ದೇ ಮಾವನ ಫೋನು ಕಿಟಕಿಗೆ ಅಂಟಿಕೊಂಡಿತು. ಸುಮಾರು 20 ಕಿಲೋಮೀಟರ್ ತೆಗೆಯಲೇ ಇಲ್ಲ. ನಾನೂ ಬೇಡ ಅನ್ನಲಿಲ್ಲ, ನೋಡಲೇಬೇಕಾದ ಜಾಗ ಅದು. ಕೆಳಗೆ ಕೊಲೊರಾಡೋ ನದಿ, ಆಚೆ ದಡದಲ್ಲಿ ರೈಲು ಹಳಿ, ಎರಡೂ ಕಡೆ ಕತ್ತೆತ್ತಿದರೂ ಮುಗಿಯದ ಬಂಡೆ. ಆ ಇಕ್ಕಟ್ಟಿನಲ್ಲಿ ನಾಲ್ಕು ಲೇನಿನ ರಸ್ತೆ ಹಾಕಬೇಕು ಅಂದಾಗ ಜನ ವರ್ಷಗಟ್ಟಲೆ ಜಗಳ ಆಡಿದರು. ಜಗಳ ಆಡಿದ್ದಕ್ಕೇ ಇಷ್ಟು ಚಂದದ ರಸ್ತೆ ಬಂತು. ಹೋಗುವ ರಸ್ತೆ ಮೇಲೊಂದು ಮಟ್ಟದಲ್ಲಿ, ಬರುವ ರಸ್ತೆ ಕೆಳಗೊಂದು ಮಟ್ಟದಲ್ಲಿ, ನಮ್ಮ ಕಡೆ ಗುಡ್ಡದ ಗದ್ದೆಗಳಿಗೆ ಮೆಟ್ಟಿಲು ಕಟ್ಟಿದ ಹಾಗೆ. ಸುಮಾರು 40 ಸೇತುವೆಗಳ ಮೇಲೆ ರಸ್ತೆ ನೆಲ ಮುಟ್ಟದೆ ಹಾದುಹೋಗುತ್ತದೆ. ಒಡೆಯಲೇಬೇಕಾದ ಕಡೆ ಬಂಡೆ ಒಡೆದು, ಹಸಿ ಗಾಯ ಕಾಣಬಾರದು ಅಂತ ಅದಕ್ಕೆ ಹಳೇ ಬಂಡೆಯ ಬಣ್ಣ ಕಟ್ಟಿದ್ದಾರೆ. ಅಲ್ಲಿಯದೇ ಗಿಡಗಳನ್ನು ಮತ್ತೆ ನೆಟ್ಟಿದ್ದಾರೆ. 1992ರಲ್ಲಿ ಮುಗಿದ ಕೆಲಸ.

"ನಮ್ಮಲ್ಲೂ ಹಿಂಗೆ ಮಾಡಿದ್ರೆ ದೋಣಿಗಲ್ ಹತ್ರ ಪ್ರತಿ ಮಳೆಗಾಲ ರಸ್ತೆ ಜಾರ್ತಿತ್ತಾ?" ಅಂದರು ಮಾವ. ಸರಿಯಾಗೇ ಹೇಳಿದರು. ಶಿರೂರು ನೆನಪಾಯಿತು. 2024ರ ಜುಲೈ 16ರಂದು ಹೆದ್ದಾರಿ ಪಕ್ಕದ ಗುಡ್ಡ ಜರಿದು, ಟೀ ಅಂಗಡಿಯ ಸಂಸಾರವನ್ನೂ ಲಾರಿಗಳನ್ನೂ ಗಂಗಾವಳಿಗೆ ಎಳೆದುಕೊಂಡು ಹೋಯಿತಲ್ಲ. ಆ ವಿಡಿಯೋ ನೋಡಿದ ರಾತ್ರಿ ನಾನು ಉಂಡಿರಲಿಲ್ಲ. ಇಲ್ಲಿನ ಕಣಿವೆಯೂ ಸುಖವಾಗಿಲ್ಲ ಅನ್ನಿ. 2020ರಲ್ಲಿ ಕಾಡ್ಗಿಚ್ಚು ಬಿತ್ತು, ಸುಟ್ಟ ಇಳಿಜಾರಿನ ಮಣ್ಣೆಲ್ಲ ಮರುವರ್ಷದ ಮಳೆಗೆ ರಸ್ತೆ ಮೇಲೆ ಬಂದು ಎರಡು ವಾರ ಸಂಚಾರವೇ ಬಂದ್.

ಆಮೇಲೆ ವೇಲ್ ಘಾಟಿ, 11,000 ಅಡಿಗೂ ಮೇಲಿರುವ ಐಸೆನ್‌ಹೋವರ್ ಸುರಂಗ, ಇಳಿಜಾರಿನಲ್ಲಿ ಲಾರಿಗಳ ಬ್ರೇಕು ಸುಟ್ಟ ವಾಸನೆ, ಐಡಹೋ ಸ್ಪ್ರಿಂಗ್ಸ್ ಹತ್ತಿರ ಭಾನುವಾರದ ವಾಹನಗಳ ಜಾತ್ರೆ. ಡೆನ್ವರ್ ಊರೊಳಗೆ ಬಂದು ರಸ್ತೆ ನೆಲಮಟ್ಟದಿಂದ ಕೆಳಗಿಳಿಯುತ್ತದಲ್ಲ, ಅಲ್ಲಿ ಮಾವ ಫೋನು ಜೇಬಿಗಿಟ್ಟರು. "ಇನ್ನೇನಿದೆ ನೋಡಕ್ಕೆ, ಬರೀ ಸಿಟಿ."

ನನಗೆ ಉರಿದದ್ದು ಅಲ್ಲೇ. ಹಿರಿಯರು, ಎದುರು ಮಾತಾಡಲಿಲ್ಲ. ಸಿಟ್ಟು ಅವರ ಮೇಲಿನದೂ ಅಲ್ಲ.

ಆ ಜಾಗದ ಹೆಸರು ಎಲಿರಿಯಾ-ಸ್ವಾನ್ಸೀ, ಪಕ್ಕದಲ್ಲಿ ಗ್ಲೋಬ್‌ವಿಲ್. ಲೋಹ ಕರಗಿಸುವ ಕುಲುಮೆಗಳಲ್ಲಿ ದುಡಿಯಲು ಪೋಲೆಂಡ್, ಸ್ಲೊವೇನಿಯಾ ಕಡೆಯಿಂದ ಬಂದವರು ಕಟ್ಟಿಕೊಂಡ ಕೇರಿಗಳು, ಆಮೇಲೆ ಮೆಕ್ಸಿಕೋ ಮೂಲದ ಕುಟುಂಬಗಳದ್ದು. 1964ರಲ್ಲಿ ಇದೇ ಐ-70 ಆ ಕೇರಿಯ ನಟ್ಟನಡುವೆ ಕಂಬಗಳ ಮೇಲೆ ಎದ್ದು ನಿಂತಿತು. ಪ್ರಾಥಮಿಕ ಶಾಲೆಯ ಪಕ್ಕದಲ್ಲೇ. ಮಕ್ಕಳು ಲಾರಿಗಳ ಹೊಗೆ ಕುಡಿದು ಅಕ್ಷರ ಕಲಿತರು. ಅದೇ ರಸ್ತೆ, ಅದೇ ರಾಜ್ಯ. ಕಣಿವೆಯಲ್ಲಿ ಪೊದೆಗಳ ನಡುವೆ ಹುಷಾರಾಗಿ ಕಾಲಿಟ್ಟದ್ದು ಇಲ್ಲಿ ಮನೆಗಳ ಮೇಲೇ ನಡೆದುಹೋಗಿತ್ತು.

ಇಂಜಿನಿಯರ್ ಗೆಳೆಯನೊಬ್ಬ ಇದಕ್ಕೆ ಯಾವಾಗಲೂ ಒಂದು ಉತ್ತರ ಇಟ್ಟುಕೊಂಡಿರುತ್ತಾನೆ: "ಪರಿಸರ ಕಾನೂನು ಬಂದದ್ದೇ 1970ರಲ್ಲಿ ಮಾರಾಯ, ಸೇತುವೆ ಅದಕ್ಕೂ ಮುಂಚಿನದು." ಇಸವಿ ಸರಿ. ಆದರೆ ಬಚ್ಚಲು, ಹಿತ್ತಲು, ಒಣಹಾಕಿದ ಬಟ್ಟೆ ಇರುವ ಮನೆ ಕಣ್ಣಿಗೆ ಕಾಣಲು ಕಾನೂನು ಬೇಕಾ? ಕಾನೂನು ಬಂದು, ಕಣಿವೆಯ ರಸ್ತೆ ಮುಗಿದು ಇನ್ನೂ ಮೂವತ್ತು ವರ್ಷ ಕಳೆಯಿತಲ್ಲ, ಅಲ್ಲಿಯವರೆಗೂ ಆ ಕೇರಿ ಸೇತುವೆಯ ನೆರಳಲ್ಲೇ ಇತ್ತಲ್ಲ? ಬಂಡೆ ಮುಕ್ಕಾಗಬಾರದು ಅಂದವರ ಮಾತು ಕೇಳಿಸಿತು. ಅಂಗಳ ಹೋಯಿತು ಅಂದವರದ್ದು ಕೇಳಿಸಲಿಲ್ಲ. ನನಗೆ ಇದಕ್ಕಿಂತ ಬೇರೆ ಕಾರಣ ಒಪ್ಪಿಗೆಯಾಗುವುದಿಲ್ಲ.

ಕೊನೆಗೆ ಸೇತುವೆ ಕೆಡವಿ, ರಸ್ತೆಯನ್ನು ನೆಲದೊಳಗೆ ಇಳಿಸಿ, ಶಾಲೆಯ ಪಕ್ಕ 4 ಎಕರೆಯಷ್ಟು ಜಾಗ ಮುಚ್ಚಿ ಮೇಲೆ ಪಾರ್ಕ್ ಮಾಡಿದರು. ಅದು ತೆರೆದದ್ದು 2022ರಲ್ಲಿ. ಒಳ್ಳೆಯದೇ ಆಯಿತು, ಸಂತೋಷ. ಆದರೆ ಆ ಹೊತ್ತಿಗೇ ರಸ್ತೆ ಅಗಲವನ್ನೂ ಮಾಡಿದರು. ಅದಕ್ಕಾಗಿ ಇನ್ನೂ ಐವತ್ತಕ್ಕೂ ಹೆಚ್ಚು ಮನೆ ಹೋದವು. ಹಳೇ ತಪ್ಪು ತಿದ್ದುವಾಗಲೂ ಕಳೆದುಕೊಂಡವರು ಅವರೇ.

ಒಂದು ಮಾತು ಹೇಳಿಕೊಳ್ಳಲೇಬೇಕು. ಈ ಊರಿಗೆ ಬಂದ ಹೊಸದರಲ್ಲಿ ವಾರಕ್ಕೆರಡು ಸಲ ಏರ್‌ಪೋರ್ಟಿಗೆ ನಾನು ಆ ಹಳೇ ಸೇತುವೆ ಮೇಲೇ ಹೋಗುತ್ತಿದ್ದೆ. ಕೆಳಗೆ ಶಾಲೆ ಇದೆ ಅಂತ ವರ್ಷಗಟ್ಟಲೆ ನನಗೆ ಗೊತ್ತೇ ಇರಲಿಲ್ಲ. ನಮ್ಮಜ್ಜಿಯ ಜಗಲಿಯನ್ನು ರಸ್ತೆ ಅಗಲೀಕರಣಕ್ಕೆ ಕಿತ್ತುಹಾಕಿದ ದಿನ ಬಿಕ್ಕಿ ಬಿಕ್ಕಿ ಅತ್ತವನು ನಾನು. ಅಷ್ಟಾದರೂ ಕೆಳಗೆ ಬಗ್ಗಿ ನೋಡಿರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಇವತ್ತು ಬೆಳಿಗ್ಗೆ ಇಬ್ಬರನ್ನೂ ಆ ಪಾರ್ಕಿಗೆ ಕರೆದುಕೊಂಡು ಹೋದೆ. ಮಕ್ಕಳು ಚೆಂಡಾಡುತ್ತಿದ್ದರು. ಕೆಳಗಿನಿಂದ ಲಾರಿಗಳ ಗುಂಯ್‌ಗುಟ್ಟುವಿಕೆ ಬರುತ್ತಲೇ ಇತ್ತು. ಮಾವ ಫೋನು ತೆಗೆದು ಏನು ಹಿಡಿಯಬೇಕು ಅಂತ ಸುತ್ತ ನೋಡಿದರು. ಅತ್ತೆ ಮಾತ್ರ ಬೆಂಚಿನ ಮೇಲೆ ಕೂತು ಆಚೆ ಇದ್ದ ಪುಟ್ಟ ಪುಟ್ಟ ಮನೆಗಳ ಸಾಲನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, "ಈ ಮನೆಯವ್ರಿಗೆಲ್ಲ ಎದುರುಮನೆ ಎಲ್ಲಿ?"

ನಾನು ಕಂಬಿಯ ಹತ್ತಿರ ಕರೆದುಕೊಂಡು ಹೋಗಿ, ಕೆಳಗೆ ಓಡುತ್ತಿದ್ದ ರಸ್ತೆ ತೋರಿಸಿದೆ.